ಸಿಸೆರೊ ತೀರಿಸಿದ ಸಿಸಿಲಿಯ ಋಣ

ಮೆಡಿಟರೇನಿಯನ್ ಸಮುದ್ರದ ದ್ವೀಪಗಳಲ್ಲೆಲ್ಲ ದೊಡ್ಡದಾದ ಸಿಸಿಲಿ ಇಂದು ಇಟಲಿ ದೇಶದ ಒಂದು ಭಾಗ. ಆದರೆ ಅಲ್ಲಿಗೆ ಹೋದ ಪ್ರವಾಸಿಗರ ಕಣ್ಣಿಗೆ ಎಲ್ಲೆಡೆ ಬೀಳುವುದು ಗ್ರೀಸ್. ಕ್ರಿ.ಪೂ. 8ನೇ ಶತಮಾನದಲ್ಲಿಯೇ ಹಡಗುಗಳನ್ನೇರಿ ಬಂದ ಗ್ರೀಕರು ಈ ದ್ವೀಪದ ಕರಾವಳಿಯಲ್ಲಿ ಒಂದರ ಹಿಂದೊಂದು ನಗರಗಳನ್ನು ಕಟ್ಟಿದರು. ಅಗ್ರಿಜೆಂಟೊ ಪಟ್ಟಣದ ದೇಗುಲಗಳ ಸಾಲು, ಸೆಜೆಸ್ತಾದ ಬೆಟ್ಟದ ಮೇಲೆ ಒಂಟಿಯಾಗಿ ನಿಂತಿರುವ ಕಂಬಗಳ ಗುಡಿ, ಸಿರಕ್ಯೂಸ್ ನಗರದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಬಯಲು ರಂಗಮಂದಿರ ಇವೆಲ್ಲ ಆ ಕಾಲದ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿವೆ.

ಸುಮಾರು ಎರಡು ಸಾವಿರದ ನೂರು ವರ್ಷಗಳ ಹಿಂದೆ, ಕ್ರಿ.ಪೂ. 75ರಲ್ಲಿ, ಈ ದ್ವೀಪಕ್ಕೆ ರೋಮಿನಿಂದ ಒಬ್ಬ ಅಧಿಕಾರಿ ಬಂದಿಳಿದನು. ಆಗ ಅವನ ವಯಸ್ಸು ಮೂವತ್ತರ ಮೇಲೆ ಒಂದು. ಅಂದಿನ ದಿನಗಳಲ್ಲಿ ರೋಮಿನವರು ಸಿಸಿಲಿಗೆ ಬರುತ್ತಿದ್ದುದು ಮುಖ್ಯವಾಗಿ ಎರಡು ಆಸೆಗಳಿಂದ: ಒಂದು ಗೋಧಿ, ಇನ್ನೊಂದು ಗ್ರೀಕ್ ಶಿಲ್ಪಗಳು. ಗೋಧಿಯನ್ನು ಸಂಗ್ರಹಿಸುವುದೇ ಈ ಅಧಿಕಾರಿಯ ಕೆಲಸವೂ ಆಗಿತ್ತು. ಆದರೆ ಅವನು ಹಿಂದಿರುಗುವ ಮುನ್ನ ಆ ನೆಲಕ್ಕೆ ಅದರದೇ ಆದ, ಅದು ಮರೆತೇಬಿಟ್ಟಿದ್ದ ಒಂದು ವಸ್ತುವನ್ನು ಹುಡುಕಿ ಕೊಟ್ಟನು. ಆ ಅಧಿಕಾರಿಯೇ ಮಾರ್ಕಸ್ ಟುಲಿಯಸ್ ಸಿಸೆರೊ. ಪ್ರಾಚೀನ ರೋಮಿನ ಅತಿ ಶ್ರೇಷ್ಠ ವಾಗ್ಮಿ, ಲ್ಯಾಟಿನ್ ಗದ್ಯದ ಶಿಲ್ಪಿ ಎಂದು ಜಗತ್ತು ಬಲ್ಲ ಈ ವ್ಯಕ್ತಿಯ ಬದುಕಿನ ಏಳುಬೀಳುಗಳಲ್ಲಿ ಸಿಸಿಲಿ ಮತ್ತೆ ಮತ್ತೆ ಎದುರಾಗುತ್ತದೆ.

ಕಡಲೆಯ ಹೆಸರಿನ ಮನೆತನ

ಸಿಸೆರೊ ಜನಿಸಿದ್ದು ಕ್ರಿ.ಪೂ. 106ರ ಜನವರಿ 3ರಂದು, ರೋಮ್ ನಗರದ ಆಗ್ನೇಯಕ್ಕಿರುವ ಅರ್ಪಿನಮ್ ಎಂಬ ಗುಡ್ಡದ ಊರಿನಲ್ಲಿ. ಅವನ ಮನೆತನ ಸ್ಥಿತಿವಂತವಾದುದೇ ಆಗಿದ್ದರೂ ಅದರಲ್ಲಿ ಯಾರೂ ಅದುವರೆಗೆ ರೋಮಿನ ಸೆನೆಟ್ ಸಭೆಯ ಮೆಟ್ಟಿಲು ಹತ್ತಿರಲಿಲ್ಲ. ಸಿಸೆರೊ ಎಂಬ ಅಡ್ಡಹೆಸರು ಬಂದುದು ಕಡಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ಹಿರಿಯರೊಬ್ಬರ ಮೂಗಿನ ತುದಿಯಲ್ಲಿ ಕಡಲೆಯ ಸೀಳಿನಂತಹ ತಗ್ಗಿದ್ದುದೇ ಇದಕ್ಕೆ ಕಾರಣವೆಂದು ಗ್ರೀಕ್ ಚರಿತ್ರಕಾರ ಪ್ಲುಟಾರ್ಕ್ ಬರೆದಿದ್ದಾನೆ. ರಾಜಕೀಯಕ್ಕೆ ಇಳಿಯುವಾಗ ಈ ಹೆಸರನ್ನು ಬಿಡುವಂತೆ ಗೆಳೆಯರು ಬುದ್ಧಿ ಹೇಳಿದರೂ ಅವನು ಒಪ್ಪಲಿಲ್ಲವಂತೆ.

ಮಕ್ಕಳಿಬ್ಬರಿಗೂ ಒಳ್ಳೆಯ ವಿದ್ಯೆ ದೊರೆಯಲೆಂದು ತಂದೆ ಅವರನ್ನು ರೋಮಿಗೆ ಕರೆತಂದನು. ಅಲ್ಲಿ ಸಿಸೆರೊ ಕಾನೂನನ್ನು ಕಲಿತನು, ಗ್ರೀಕ್ ಗುರುಗಳ ಬಳಿ ತತ್ವಶಾಸ್ತ್ರವನ್ನೂ ಭಾಷಣ ಕಲೆಯನ್ನೂ ಅಭ್ಯಾಸ ಮಾಡಿದನು. ಕ್ರಿ.ಪೂ. 80ರಲ್ಲಿ, ಸುಲ್ಲಾ ಎಂಬ ಸರ್ವಾಧಿಕಾರಿಯ ಹೆಸರು ಕೇಳಿದರೆ ಜನ ನಡುಗುತ್ತಿದ್ದ ಕಾಲದಲ್ಲಿ, ತಂದೆಯನ್ನು ಕೊಂದ ಆರೋಪ ಹೊತ್ತಿದ್ದ ಸೆಕ್ಸ್ಟಸ್ ರೋಸಿಯಸ್ ಎಂಬವನ ಪರವಾಗಿ ವಾದಿಸಲು ಅವನು ಮುಂದೆ ಬಂದನು. ಸತ್ತವನ ಆಸ್ತಿಯನ್ನು ನುಂಗಿದ್ದವನು ಸುಲ್ಲಾನ ಆಪ್ತನಾದ ಕ್ರಿಸೋಗೊನಸ್. ಅವನ ಹೆಸರನ್ನು ನ್ಯಾಯಸಭೆಯಲ್ಲಿ ಬಹಿರಂಗವಾಗಿ ಎತ್ತಿದ ಯುವ ವಕೀಲ ತನ್ನ ಕಕ್ಷಿದಾರನನ್ನು ಉಳಿಸಿದನು. ಒಂದೇ ಮೊಕದ್ದಮೆಯಿಂದ ಅವನ ಹೆಸರು ಊರೆಲ್ಲ ಹಬ್ಬಿತು.

ಆದರೆ ದೇಹ ದುರ್ಬಲವಾಗಿತ್ತು. ಪ್ರತಿ ಭಾಷಣದಲ್ಲಿಯೂ ಕಂಠವನ್ನು ಮಿತಿಮೀರಿ ಏರಿಸುವ ಅಭ್ಯಾಸ ಅವನ ಆರೋಗ್ಯವನ್ನೇ ಕೆಡಿಸುತ್ತಿತ್ತು. ಕ್ರಿ.ಪೂ. 79ರಲ್ಲಿ ಅವನು ರೋಮ್ ಬಿಟ್ಟು ಅಥೆನ್ಸ್ ನಗರಕ್ಕೂ ಅಲ್ಲಿಂದ ಏಷ್ಯಾ ಮೈನರ್ ಮತ್ತು ರೋಡ್ಸ್ ದ್ವೀಪಕ್ಕೂ ತೆರಳಿದನು. ರೋಡ್ಸ್‌ನಲ್ಲಿ ಮೊಲಾನ್ ಎಂಬ ಗುರು ಅವನ ಮಾತಿನ ಭೋರ್ಗರೆತಕ್ಕೆ ದಡಗಳನ್ನು ಕಟ್ಟಿದನು. ಎರಡು ವರ್ಷಗಳ ಬಳಿಕ ಹಿಂದಿರುಗಿದಾಗ ಸಿಸೆರೊನ ದೇಹ ಸುಧಾರಿಸಿತ್ತು, ಕಂಠ ಹದಗೊಂಡಿತ್ತು. ಅದಕ್ಕಿಂತ ಮಿಗಿಲಾಗಿ ಗ್ರೀಕ್ ಭಾಷೆ, ಗ್ರೀಕ್ ವಿದ್ಯೆಗಳ ಮೇಲೆ ಜೀವನಪೂರ್ತಿ ಉಳಿಯುವ ಪ್ರೀತಿ ಅವನಲ್ಲಿ ಬೇರೂರಿತ್ತು. ಈ ಪ್ರೀತಿಯನ್ನು ಹೊತ್ತುಕೊಂಡೇ ಅವನು ಸಿಸಿಲಿಗೆ ಹೊರಟನು.

ರೋಮಿನ ಕಣಜ

ಸಿಸಿಲಿಯು ರೋಮಿನ ಮೊದಲ ಪ್ರಾಂತ್ಯ. ಕ್ರಿ.ಪೂ. 241ರಲ್ಲಿ ಕಾರ್ಥೇಜ್ ವಿರುದ್ಧದ ಮೊದಲನೆಯ ಮಹಾಯುದ್ಧ ಮುಗಿದಾಗ ದ್ವೀಪದ ಬಹುಭಾಗ ರೋಮಿನ ವಶವಾಯಿತು. ಹಿಯೆರೊ ಎಂಬ ದೊರೆಯ ಆಳ್ವಿಕೆಯಲ್ಲಿದ್ದ ಸಿರಕ್ಯೂಸ್ ಮಾತ್ರ ಕೆಲಕಾಲ ಸ್ವತಂತ್ರವಾಗಿ ಉಳಿಯಿತು. ಆ ದೊರೆಯ ಕಾಲದ ತೆರಿಗೆ ಕಟ್ಟಳೆಯನ್ನೇ ರೋಮನ್ನರು ಮುಂದುವರಿಸಿದರು. ಅದರ ಪ್ರಕಾರ ರೈತನು ಬೆಳೆದ ಧಾನ್ಯದಲ್ಲಿ ಹತ್ತನೆಯ ಒಂದು ಪಾಲು ಸರ್ಕಾರಕ್ಕೆ ಸಲ್ಲಬೇಕು. ರೈತನಿಗೂ ತೆರಿಗೆ ವಸೂಲಿಯ ಗುತ್ತಿಗೆದಾರನಿಗೂ ಅನ್ಯಾಯವಾಗದಂತೆ ಅದರಲ್ಲಿ ನಿಯಮಗಳಿದ್ದವು. ರೋಮ್ ನಗರದ ಜನರ ಹೊಟ್ಟೆ ತುಂಬಿಸುತ್ತಿದ್ದ ಕಣಜ ಇದೇ.

ದ್ವೀಪದ ಆಡಳಿತಕ್ಕೆ ಒಬ್ಬ ರಾಜ್ಯಪಾಲನೂ ಅವನ ಕೆಳಗೆ ಕ್ವೆಸ್ಟರ್ ಎಂಬ ಹೆಸರಿನ ಇಬ್ಬರು ಹಣಕಾಸು ಅಧಿಕಾರಿಗಳೂ ಇರುತ್ತಿದ್ದರು. ಸಿಸೆರೊನಿಗೆ ದೊರೆತದ್ದು ದ್ವೀಪದ ಪಶ್ಚಿಮ ತುದಿಯ ಲಿಲಿಬೇಯಂ ಬಂದರು. ಅದು ಈಗ ಮಾರ್ಸಾಲಾ ಎಂಬ ಹೆಸರಿನ ಊರು. ಆ ವರ್ಷ ರೋಮಿನಲ್ಲಿ ಧಾನ್ಯದ ಅಭಾವ ತಲೆದೋರಿತ್ತು. ಸಿಸೆರೊ ದೊಡ್ಡ ಪ್ರಮಾಣದಲ್ಲಿ ಗೋಧಿಯನ್ನು ಸಂಗ್ರಹಿಸಿ ಹಡಗುಗಳಲ್ಲಿ ಕಳುಹಿಸಿದನು. ಮೊದಮೊದಲು ಸಿಸಿಲಿಯ ಜನ ಇದರಿಂದ ಬೇಸರಗೊಂಡರು. ಆದರೆ ಲೆಕ್ಕದಲ್ಲಿ ಅವನ ಎಚ್ಚರ, ತೀರ್ಮಾನದಲ್ಲಿ ನ್ಯಾಯ, ಮಾತಿನಲ್ಲಿ ಸೌಜನ್ಯ ಕಂಡ ಮೇಲೆ ಅವರ ಮನಸ್ಸು ತಿರುಗಿತು. ಹೊರಡುವಾಗ ಹಿಂದೆ ಯಾವ ಅಧಿಕಾರಿಗೂ ದೊರೆಯದಂತಹ ಗೌರವವನ್ನು ಅವರು ಅವನಿಗೆ ಸಲ್ಲಿಸಿದರು. ಅಗತ್ಯ ಬಿದ್ದಾಗ ತಾನು ಅವರ ಬೆಂಬಲಕ್ಕೆ ನಿಲ್ಲುವೆನೆಂದು ಅವನೂ ಭರವಸೆ ಕೊಟ್ಟನು.

ಮುಳ್ಳುಪೊದೆಯ ನಡುವೆ ಒಂದು ಸಮಾಧಿ

ಅಧಿಕಾರದ ಅವಧಿಯಲ್ಲಿ ಸಿಸೆರೊ ಪೂರ್ವ ಕರಾವಳಿಯ ಸಿರಕ್ಯೂಸ್ ನಗರಕ್ಕೂ ಬಂದನು. ಗ್ರೀಕ್ ಜಗತ್ತಿನ ಅತಿ ದೊಡ್ಡ, ಅತಿ ಸುಂದರ ನಗರಗಳಲ್ಲಿ ಒಂದಾಗಿದ್ದ ಆ ಊರು ಕ್ರಿ.ಪೂ. 212ರಲ್ಲಿ ಮಾರ್ಸೆಲಸ್ ಎಂಬ ರೋಮನ್ ಸೇನಾನಿಗೆ ಸೋತಿತ್ತು. ಸುದೀರ್ಘ ಮುತ್ತಿಗೆಯ ಕಾಲದಲ್ಲಿ ರೋಮನ್ ಹಡಗುಗಳನ್ನು ತನ್ನ ಯಂತ್ರಗಳಿಂದ ಹಿಮ್ಮೆಟ್ಟಿಸಿದ್ದ ಗಣಿತಜ್ಞ ಆರ್ಕಿಮಿಡೀಸ್ ನಗರ ಬಿದ್ದ ದಿನ ಒಬ್ಬ ರೋಮನ್ ಸೈನಿಕನ ಕತ್ತಿಗೆ ಬಲಿಯಾದನು. ಈ ಸಾವಿಗೆ ಮಾರ್ಸೆಲಸ್ ಕೂಡ ಮರುಗಿದನೆಂದು ಪ್ರಾಚೀನ ಚರಿತ್ರಕಾರರು ಬರೆದಿದ್ದಾರೆ.

ಆರ್ಕಿಮಿಡೀಸ್ ತನ್ನ ಸಾಧನೆಗಳಲ್ಲೆಲ್ಲ ಹೆಚ್ಚೆಂದು ಎಣಿಸಿದ್ದುದು ಯಂತ್ರಗಳನ್ನಲ್ಲ, ಒಂದು ಪ್ರಮೇಯವನ್ನು. ಒಂದು ಗೋಳವನ್ನು ಅದಕ್ಕೆ ಸರಿಯಾಗಿ ಹೊಂದುವ ಸಿಲಿಂಡರಿನೊಳಗೆ ಇರಿಸಿದರೆ ಗೋಳದ ಗಾತ್ರವು ಸಿಲಿಂಡರಿನ ಗಾತ್ರದ ಮೂರರಲ್ಲಿ ಎರಡು ಪಾಲು ಇರುತ್ತದೆ. ಮೇಲ್ಮೈಯ ಅಳತೆಯೂ ಅದೇ ಪ್ರಮಾಣದಲ್ಲಿರುತ್ತದೆ. ತನ್ನ ಸಮಾಧಿಯ ಮೇಲೆ ಈ ಎರಡು ಆಕೃತಿಗಳನ್ನೇ ಇರಿಸಬೇಕೆಂದು ಅವನು ಬಯಸಿದ್ದನು. ಆ ಸಮಾಧಿಯ ಮೇಲಿದ್ದ ಪದ್ಯದ ಕೆಲವು ಸಾಲುಗಳನ್ನು ಸಿಸೆರೊ ಎಲ್ಲಿಯೋ ಓದಿ ನೆನಪಿನಲ್ಲಿ ಇಟ್ಟುಕೊಂಡಿದ್ದನು.

ಸಿರಕ್ಯೂಸಿನ ಹಿರಿಯರನ್ನು ವಿಚಾರಿಸಿದಾಗ ಅಂತಹ ಸಮಾಧಿಯೇ ಇಲ್ಲವೆಂಬ ಉತ್ತರ ಬಂದಿತು. ಸಿಸೆರೊ ಬಿಡಲಿಲ್ಲ. ನಗರದ ದ್ವಾರವೊಂದರ ಹೊರಗೆ ಸಮಾಧಿಗಳು ಕಿಕ್ಕಿರಿದಿದ್ದ ಜಾಗದಲ್ಲಿ ಊರಿನ ಮುಖಂಡರೊಡನೆ ಸುತ್ತಾಡುತ್ತ ಪ್ರತಿಯೊಂದು ಕಲ್ಲನ್ನೂ ನೋಡುತ್ತ ನಡೆದನು. ಒಂದೆಡೆ ದಟ್ಟವಾದ ಮುಳ್ಳುಪೊದೆಯ ಮೇಲೆ ಸಣ್ಣದೊಂದು ಕಂಬದ ತುದಿ ತುಸುವೇ ಇಣುಕುತ್ತಿತ್ತು. ಅದರ ಮೇಲೆ ಗೋಳ ಮತ್ತು ಸಿಲಿಂಡರಿನ ಆಕೃತಿಗಳು ಕಂಡವು. ಕುಡುಗೋಲು ಹಿಡಿದ ಆಳುಗಳನ್ನು ಕರೆಸಿ ಪೊದೆಯನ್ನು ಸವರಿಸಿದರು. ದಾರಿ ಬಿಡಿಸಿಕೊಂಡು ಹತ್ತಿರ ಹೋದಾಗ ಪೀಠದ ಮೇಲೆ ಪದ್ಯ ಕಾಣಿಸಿತು. ಸಾಲುಗಳ ಕೊನೆಯ ಅರ್ಧ ಸವೆದುಹೋಗಿತ್ತು.

ಆರ್ಕಿಮಿಡೀಸ್ ಸತ್ತು ಆಗ ಕಳೆದಿದ್ದುದು 137 ವರ್ಷ ಮಾತ್ರ. ಅಷ್ಟರಲ್ಲಿ ಅವನ ಊರೇ ಅವನನ್ನು ಮಣ್ಣು ಮಾಡಿದ ಜಾಗವನ್ನು ಮರೆತಿತ್ತು. ಅವನನ್ನು ಕೊಂದವನು ರೋಮನ್ ಸೈನಿಕ. ಅವನ ಸಮಾಧಿಯನ್ನು ಹುಡುಕಿದವನೂ ರೋಮನ್ ಅಧಿಕಾರಿಯೇ. ಒಂದು ಕಾಲಕ್ಕೆ ವಿದ್ಯೆಗೆ ಹೆಸರಾಗಿದ್ದ ಮಹಾನಗರಕ್ಕೆ ಅದರ ಅತ್ಯಂತ ಬುದ್ಧಿವಂತ ಪ್ರಜೆಯ ಗುರುತನ್ನು ಅರ್ಪಿನಮ್‌ನಂತಹ ಸಣ್ಣ ಊರಿನವನು ತೋರಿಸಬೇಕಾಯಿತೆಂಬ ಹೆಮ್ಮೆ ಸಿಸೆರೊನಿಗೆ ಕೊನೆಯವರೆಗೂ ಇತ್ತು.

ಹೆಮ್ಮೆಗೆ ಬಿದ್ದ ಪೆಟ್ಟು

ಸಿಸಿಲಿಯಲ್ಲಿ ತಾನು ಮಾಡಿದ ಕೆಲಸದ ಸುದ್ದಿ ರೋಮಿನ ಮನೆಮನೆಯಲ್ಲಿಯೂ ಇರಬಹುದೆಂದು ಭಾವಿಸಿ ಅವನು ಇಟಲಿಗೆ ಮರಳಿದನು. ದಾರಿಯಲ್ಲಿ ಪುಟಿಯೋಲಿ ಎಂಬ ಬಂದರಿನಲ್ಲಿ ಇಳಿದಾಗ ಅಲ್ಲಿ ರೋಮಿನ ಶ್ರೀಮಂತರು ವಿಹಾರಕ್ಕೆ ಬಂದು ನೆರೆದಿದ್ದರು. ಪರಿಚಿತನೊಬ್ಬ ಎದುರಾಗಿ, ರೋಮನ್ನು ಬಿಟ್ಟು ಎಷ್ಟು ದಿನವಾಯಿತು, ಅಲ್ಲಿಯ ವಿಶೇಷವೇನು ಎಂದು ಕೇಳಿದನು. ತಾನು ಪ್ರಾಂತ್ಯದಿಂದ ಬರುತ್ತಿರುವೆನೆಂದು ಸಿಸೆರೊ ಹೇಳಿದಾಗ ಅವನು ಆಫ್ರಿಕಾದಿಂದಲೇ ಎಂದು ವಿಚಾರಿಸಿದನು. ಸಿಸಿಲಿಯಿಂದ ಎಂದು ಸಿಡುಕಿನಿಂದ ತಿದ್ದುವಷ್ಟರಲ್ಲಿ ಪಕ್ಕದಲ್ಲಿದ್ದ ಮತ್ತೊಬ್ಬ ಬಲ್ಲವನಂತೆ, ಇವನು ಸಿರಕ್ಯೂಸಿನಲ್ಲಿ ಕ್ವೆಸ್ಟರ್ ಆಗಿದ್ದುದು ತಿಳಿಯದೇ ಎಂದುಬಿಟ್ಟನು. ಅದೂ ತಪ್ಪು.

ಈ ಪ್ರಸಂಗವನ್ನು ಇಪ್ಪತ್ತು ವರ್ಷಗಳ ನಂತರ ನ್ಯಾಯಸಭೆಯಲ್ಲಿ ತಾನೇ ಹೇಳಿ ನಗಿಸಿದವನು ಸಿಸೆರೊ. ರೋಮಿನ ಜನರ ಕಿವಿ ಮಂದ, ಕಣ್ಣು ಚುರುಕು ಎಂಬ ಪಾಠವನ್ನು ಅವನು ಅಂದು ಕಲಿತನು. ಅಲ್ಲಿಂದ ಮುಂದೆ ಜನರ ಕಣ್ಣೆದುರಿನಲ್ಲಿಯೇ ಬದುಕುವುದೆಂದು ನಿಶ್ಚಯಿಸಿ ದಿನವೂ ಫೋರಂ ಎಂಬ ಸಾರ್ವಜನಿಕ ಚೌಕದಲ್ಲಿ ಕಾಣಿಸಿಕೊಳ್ಳತೊಡಗಿದನು. ಮನೆ ಬಾಗಿಲಿಗೆ ಬಂದ ಯಾರನ್ನೂ ಕಾಣದೆ ಹಿಂದೆ ಕಳುಹಿಸುತ್ತಿರಲಿಲ್ಲ. ಆ ಬಾಗಿಲಿಗೆ ಕೆಲವೇ ವರ್ಷಗಳಲ್ಲಿ ಸಿಸಿಲಿಯೇ ಬಂದು ನಿಂತಿತು.

ಲೂಟಿಯಾದ ದ್ವೀಪ

ಕ್ರಿ.ಪೂ. 73ರಲ್ಲಿ ಗಾಯಸ್ ವೆರ್ರೆಸ್ ಎಂಬವನು ಸಿಸಿಲಿಯ ರಾಜ್ಯಪಾಲನಾಗಿ ಹೋದನು. ಒಂದು ವರ್ಷಕ್ಕೆ ಮುಗಿಯಬೇಕಿದ್ದ ಅವನ ಅಧಿಕಾರ ಮೂರು ವರ್ಷ ನಡೆಯಿತು. ಧಾನ್ಯದ ಹತ್ತನೆಯ ಒಂದು ಪಾಲಿನ ಕಟ್ಟಳೆಯನ್ನು ಅವನು ಗಾಳಿಗೆ ತೂರಿದನು. ಗುತ್ತಿಗೆದಾರ ಕೇಳಿದಷ್ಟನ್ನು ರೈತ ಕೊಡಬೇಕು, ತಕರಾರಿದ್ದರೆ ಆಮೇಲೆ ದೂರು ಹೇಳಿಕೊಳ್ಳಬೇಕು ಎಂಬಂತಾಯಿತು. ಲಿಯೊಂಟಿನಿ ಎಂಬ ಫಲವತ್ತಾದ ಸೀಮೆಯಲ್ಲಿ ಮೊದಲ ವರ್ಷ 84 ಮಂದಿ ಇದ್ದ ಬೇಸಾಯಗಾರರು ಮೂರನೆಯ ವರ್ಷಕ್ಕೆ 32 ಮಂದಿಗೆ ಇಳಿದರು. ಅಜಿರಿಯಂ ಎಂಬಲ್ಲಿ 250 ಇದ್ದುದು 80 ಆಯಿತು. ಉಳಿದವರು ಹೊಲಗಳನ್ನು ಬೀಳುಬಿಟ್ಟು ಊರು ತೊರೆದರು.

ಶಿಲ್ಪಗಳ ಮೇಲಿನ ವೆರ್ರೆಸನ ಆಸೆಗಂತೂ ಮಿತಿಯೇ ಇರಲಿಲ್ಲ. ಸೆಜೆಸ್ತಾ ಊರಿನಲ್ಲಿ ಡಯಾನಾ ದೇವತೆಯ ಕಂಚಿನ ವಿಗ್ರಹವಿತ್ತು. ಹಿಂದೆ ಕಾರ್ಥೇಜಿನವರು ಅದನ್ನು ಹೊತ್ತೊಯ್ದಿದ್ದರು, ಕ್ರಿ.ಪೂ. 146ರಲ್ಲಿ ಕಾರ್ಥೇಜನ್ನು ಗೆದ್ದ ರೋಮನ್ ಸೇನಾನಿ ಸಿಪಿಯೊ ಅದನ್ನು ಊರಿಗೆ ಮರಳಿಸಿದ್ದನು. ಅದೇ ವಿಗ್ರಹ ವೆರ್ರೆಸನಿಗೆ ಬೇಕಾಯಿತು. ಅದನ್ನು ಪೀಠದಿಂದ ಇಳಿಸಲು ಊರಿನ ಒಬ್ಬ ಆಳೂ ಒಪ್ಪಲಿಲ್ಲವಾದ್ದರಿಂದ ಲಿಲಿಬೇಯಂನಿಂದ ಕೂಲಿಗಳನ್ನು ತರಿಸಬೇಕಾಯಿತು. ವಿಗ್ರಹ ಹೊರಟಾಗ ಊರಿನ ಹೆಂಗಸರೆಲ್ಲ ಸೇರಿ ಅದಕ್ಕೆ ಸುಗಂಧ ಲೇಪಿಸಿ, ಹೂಮಾಲೆಗಳನ್ನು ಹೊದಿಸಿ, ಧೂಪ ಹಾಕುತ್ತ ಊರಗಡಿಯವರೆಗೆ ಬಂದು ಬೀಳ್ಕೊಟ್ಟರು.

ಅಗ್ರಿಜೆಂಟೊದಲ್ಲಿ ಕತೆ ಬೇರೆಯಾಯಿತು. ಹರ್ಕ್ಯುಲಿಸ್ ಗುಡಿಯ ವಿಗ್ರಹವನ್ನು ಕದಿಯಲು ನಡುರಾತ್ರಿ ವೆರ್ರೆಸನ ಜನ ನುಗ್ಗಿದಾಗ ಸುದ್ದಿ ಹರಡಿ, ಮುದುಕರು ಕೂಡ ಹಾಸಿಗೆ ಬಿಟ್ಟೆದ್ದು ಕೈಗೆ ಸಿಕ್ಕ ಆಯುಧ ಹಿಡಿದು ಓಡಿಬಂದರು. ವಿಗ್ರಹ ಜಗ್ಗಲಿಲ್ಲ, ಕಲ್ಲಿನ ಮಳೆಗೆ ಹೆದರಿ ಕಳ್ಳರು ಓಟ ಕಿತ್ತರು. ವೆರ್ರೆಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಗಂಡುಹಂದಿ. ಹರ್ಕ್ಯುಲಿಸ್ ಮಾಡಿದ ಸಾಹಸಗಳ ಪಟ್ಟಿಯಲ್ಲಿ ಕಾಡುಹಂದಿಯೊಂದನ್ನು ಹಿಡಿದ ಕತೆ ಮೊದಲೇ ಇತ್ತು. ಇನ್ನು ಈ ಹಂದಿಯನ್ನೂ ಸೇರಿಸಬಹುದೆಂದು ಸಿಸಿಲಿಯ ಜನ ನಕ್ಕರು. ಸಿರಕ್ಯೂಸಿನಲ್ಲಿ ಮಾತ್ರ ಅಥೀನಾ ದೇವಿಯ ಗುಡಿಯ ಚಿತ್ರಗಳನ್ನೂ, ಬಾಗಿಲುಗಳ ಚಿನ್ನ ಮತ್ತು ದಂತದ ಕೆತ್ತನೆಗಳನ್ನೂ ಅವನು ಕಳಚಿಸಿಕೊಂಡನು. ಯುದ್ಧದಲ್ಲಿ ಗೆದ್ದ ಮಾರ್ಸೆಲಸನ ಕಾಲದಲ್ಲಿ ಉಳಿದಿದ್ದುದು ಶಾಂತಿಕಾಲದ ಅಧಿಕಾರಿಯ ಕೈಯಲ್ಲಿ ಉಳಿಯಲಿಲ್ಲ.

ಜೀವಗಳೂ ಹೋದವು. ಗಾವಿಯಸ್ ಎಂಬ ರೋಮನ್ ಪ್ರಜೆಯನ್ನು ಮೆಸ್ಸಾನಾ ನಗರದಲ್ಲಿ ಚಾವಟಿಯಿಂದ ಹೊಡೆಸಿ ಶಿಲುಬೆಗೇರಿಸಲಾಯಿತು. ತಾನು ರೋಮನ್ ಪ್ರಜೆಯೆಂದು ಅವನು ಕೂಗುತ್ತಲೇ ಇದ್ದನು. ಕಿರಿದಾದ ಜಲಸಂಧಿಯ ಆಚೆ ಕಾಣುವ ತನ್ನ ಇಟಲಿಯನ್ನು ನೋಡುತ್ತ ಸಾಯಲೆಂದು ಶಿಲುಬೆಯನ್ನು ಆ ದಿಕ್ಕಿಗೇ ನೆಡಿಸಲಾಗಿತ್ತು.

ಐವತ್ತು ದಿನಗಳು

ಸಿಸಿಲಿಯ ನಗರಗಳ ಪ್ರತಿನಿಧಿಗಳು ರೋಮಿಗೆ ಬಂದು ಸಿಸೆರೊನಿಗೆ ಅವನು ಕೊಟ್ಟ ಮಾತನ್ನು ನೆನಪಿಸಿದರು. ಅದುವರೆಗೆ ಅವನು ಹೆಚ್ಚಾಗಿ ಆರೋಪಿಗಳ ಪರವಾಗಿ ವಾದಿಸಿದವನೇ ಹೊರತು ಆರೋಪ ಹೊರಿಸಿದವನಲ್ಲ. ಎದುರಾಳಿ ಪಕ್ಷದಲ್ಲಿ ಅಂದಿನ ವಕೀಲರಲ್ಲಿ ಅಗ್ರಗಣ್ಯನಾದ ಹಾರ್ಟೆನ್ಸಿಯಸ್ ಇದ್ದನು. ತೀರ್ಪು ಕೊಡುವವರು ಸೆನೆಟ್ ಸದಸ್ಯರು, ಆರೋಪಿಯೂ ಅವರಲ್ಲೊಬ್ಬ. ಮೂರು ವರ್ಷದ ಲೂಟಿಯಲ್ಲಿ ಒಂದು ವರ್ಷದ್ದು ತನಗೆ, ಒಂದು ವರ್ಷದ್ದು ವಕೀಲರಿಗೆ, ಎಲ್ಲಕ್ಕಿಂತ ಸಮೃದ್ಧವಾದ ಇನ್ನೊಂದು ವರ್ಷದ್ದು ನ್ಯಾಯದರ್ಶಿಗಳಿಗೆ ಎಂದು ವೆರ್ರೆಸ್ ಹೇಳಿಕೊಳ್ಳುತ್ತಿದ್ದನೆಂದು ಸಿಸೆರೊ ಆಪಾದಿಸಿದನು. ಹೀಗಾಗಿ ಈ ಮೊಕದ್ದಮೆಯಲ್ಲಿ ವೆರ್ರೆಸನ ಜೊತೆಗೆ ರೋಮಿನ ನ್ಯಾಯ ವ್ಯವಸ್ಥೆಯೂ ಕಟಕಟೆಯಲ್ಲಿ ನಿಂತಿತ್ತು.

ಸಾಕ್ಷ್ಯ ಸಂಗ್ರಹಕ್ಕೆ ಸಿಸೆರೊ ಪಡೆದದ್ದು 110 ದಿನ. ಅವನು ಐವತ್ತೇ ದಿನಗಳಲ್ಲಿ ಸಿಸಿಲಿಯನ್ನು ಸುತ್ತಿ ಮುಗಿಸಿದನು. ಜೊತೆಯಲ್ಲಿ ದಾಯಾದಿ ಲೂಸಿಯಸ್ ಇದ್ದನು. ಕಡು ಚಳಿಗಾಲದಲ್ಲಿ ಅಗ್ರಿಜೆಂಟೊದ ಕಣಿವೆಗಳನ್ನೂ ಗುಡ್ಡಗಳನ್ನೂ ಹತ್ತಿಳಿದು, ರೈತರ ಗುಡಿಸಲುಗಳಿಗೆ ಹೋಗಿ, ಅವರ ಮಾತುಗಳನ್ನು ಕೇಳಿದನು. ಸರ್ಕಾರಿ ಕೆಲಸಕ್ಕೆ ಬಂದವನಾಗಿ ನಗರಗಳ ಖರ್ಚಿನಲ್ಲಿ ತಂಗುವ ಹಕ್ಕಿದ್ದರೂ ಹಳೆಯ ಸ್ನೇಹಿತರ ಮನೆಗಳಲ್ಲಿಯೇ ಉಳಿದುಕೊಂಡನು. ಸಿರಕ್ಯೂಸಿನ ಸಭೆಯಲ್ಲಿ ಅವನು ಗ್ರೀಕ್ ಭಾಷೆಯಲ್ಲಿ ಮಾತನಾಡಿದುದು ಹೊಸ ರಾಜ್ಯಪಾಲನಿಗೆ ಸಹಿಸಲಾರದ ಅಪರಾಧವಾಗಿ ಕಂಡಿತು. ಅದೇ ಸಭೆಯು ಹಿಂದೆ ವೆರ್ರೆಸನನ್ನು ಹೊಗಳಿ ಬರೆದುಕೊಟ್ಟ ಪತ್ರ ಒತ್ತಾಯದ್ದೆಂದು ಒಪ್ಪಿಕೊಂಡಿತು. ಗುಡಿಗಳಿಂದ ಹೋದ ಪ್ರತಿಯೊಂದು ವಸ್ತುವಿನ ಲೆಕ್ಕವನ್ನು ಕಾವಲಿನವರು ಗುಟ್ಟಾಗಿ ಬರೆದಿಟ್ಟಿದ್ದರು. ಆ ದಾಖಲೆಯೂ ಹೊರಬಂದಿತು.

ವಿಚಾರಣೆಯನ್ನು ಮರುವರ್ಷಕ್ಕೆ ತಳ್ಳುವುದು ವೆರ್ರೆಸನ ಕಡೆಯವರ ಹೂಟ. ಮರುವರ್ಷ ಹಾರ್ಟೆನ್ಸಿಯಸನೇ ಕಾನ್ಸಲ್ ಎಂಬ ಅತ್ಯುನ್ನತ ಪದವಿಗೆ ಏರಲಿದ್ದನು. ನಡುವೆ ಹಬ್ಬಗಳು, ಉತ್ಸವದ ಆಟಗಳು ಸಾಲಾಗಿ ಬರಲಿದ್ದವು. ಇದನ್ನರಿತ ಸಿಸೆರೊ ಕ್ರಿ.ಪೂ. 70ರ ಆಗಸ್ಟ್ 5ರಂದು ವಿಚಾರಣೆ ಆರಂಭವಾದಾಗ ವಾಡಿಕೆಯ ದೀರ್ಘ ಭಾಷಣವನ್ನೇ ಕೈಬಿಟ್ಟನು. ಚಿಕ್ಕದೊಂದು ಪೀಠಿಕೆಯ ಬಳಿಕ ನೇರವಾಗಿ ಸಾಕ್ಷಿಗಳನ್ನು ಕರೆದನು. ಮಾತಿನಿಂದಲೇ ಪ್ರಸಿದ್ಧನಾದವನು ತನ್ನ ಮಾತನ್ನು ನುಂಗಿಕೊಂಡು ಸಿಸಿಲಿಯ ರೈತರಿಗೂ ಪುರೋಹಿತರಿಗೂ ಮಾತನಾಡಲು ಬಿಟ್ಟನು. ಒಂಬತ್ತು ದಿನ ಸಾಕ್ಷಿ ನಡೆಯಿತು. ತೀರ್ಪಿಗೆ ಕಾಯದೆ ವೆರ್ರೆಸ್ ಮಸಿಲಿಯಾ ನಗರಕ್ಕೆ, ಎಂದರೆ ಇಂದಿನ ಮಾರ್ಸೇಲ್ಸ್‌ಗೆ ಓಡಿಹೋದನು.

ಲೂಟಿಯಾದುದೆಲ್ಲ ಸಿಸಿಲಿಗೆ ಮರಳಲಿಲ್ಲ. ವಿಧಿಸಿದ ಪರಿಹಾರದ ಮೊತ್ತ ತೀರ ಕಡಿಮೆಯೆಂಬ ಟೀಕೆಯೂ ಸಿಸೆರೊನ ಮೇಲೆ ಬಂದಿತು. ಹಾಗಿದ್ದರೂ ನ್ಯಾಯಸಭೆಯಲ್ಲಿ ಮಾಡಲು ಅವಕಾಶವಾಗದ ಭಾಷಣವನ್ನು ಅವನು ಐದು ಭಾಗಗಳಲ್ಲಿ ಬರೆದು ಪ್ರಕಟಿಸಿದನು. ಆ ಕಾಲದ ಸಿಸಿಲಿಯ ಊರುಗಳು, ಗುಡಿಗಳು, ಹೊಲಗಳ ಬಗೆಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ದೊರೆಯುವುದು ಆ ಬರಹದಿಂದಲೇ. ಮರುವರ್ಷ ಸಿಸೆರೊ ನಗರದ ಆಡಳಿತ ಹುದ್ದೆಯೊಂದನ್ನು ಹಿಡಿದಾಗ ಸಿಸಿಲಿಯವರು ಕೃತಜ್ಞತೆಯಿಂದ ತಂದುಕೊಟ್ಟ ಪದಾರ್ಥಗಳನ್ನು ಅವನು ತನ್ನ ಮನೆಗೆ ತುಂಬಿಕೊಳ್ಳದೆ ರೋಮಿನ ಪೇಟೆಯಲ್ಲಿ ಬೆಲೆ ಇಳಿಸಲು ಬಳಸಿದನು.

ಮುಚ್ಚಿದ ಬಾಗಿಲು

ಕ್ರಿ.ಪೂ. 63ರಲ್ಲಿ ಸಿಸೆರೊ ಕಾನ್ಸಲ್ ಆದನು. ಆ ವರ್ಷ ಕ್ಯಾಟಿಲೈನ್ ಎಂಬ ಕುಲೀನನು ರಾಜ್ಯವನ್ನು ಬುಡಮೇಲು ಮಾಡಲು ಹೂಡಿದ ಸಂಚನ್ನು ಅವನು ಬಯಲಿಗೆಳೆದನು. ಸಿಕ್ಕಿಬಿದ್ದ ಐವರು ಸಂಚುಗಾರರನ್ನು ಸೆನೆಟ್ ಸಭೆಯ ಒಪ್ಪಿಗೆ ಪಡೆದು, ಆದರೆ ವಿಚಾರಣೆ ಇಲ್ಲದೆ, ಕೊಲ್ಲಿಸಿದನು. ಗಾವಿಯಸ್ ಎಂಬ ಒಬ್ಬ ಪ್ರಜೆಯ ಹಕ್ಕಿಗಾಗಿ ಅಷ್ಟು ಬರೆದವನ ಕೈಯಿಂದಲೇ ಪ್ರಜೆಗಳ ಹಕ್ಕು ಮುರಿಯಿತೆಂದು ವಿರೋಧಿಗಳು ಆಡಿಕೊಂಡರು. ಈ ಆಪಾದನೆಯೇ ಬೆಳೆದು ಕ್ರಿ.ಪೂ. 58ರಲ್ಲಿ ಅವನು ದೇಶಭ್ರಷ್ಟನಾಗಬೇಕಾಯಿತು. ರೋಮಿನಲ್ಲಿದ್ದ ಅವನ ಮನೆಯನ್ನು ಕೆಡವಿದರು.

ಕಷ್ಟ ಬಂದಾಗ ಅವನ ಮನಸ್ಸು ಹೊರಳಿದ್ದು ಸಿಸಿಲಿಯ ಕಡೆಗೆ. ಅಲ್ಲಿಯ ಜನ ತನ್ನನ್ನು ಕೈಬಿಡರೆಂಬ ನಂಬಿಕೆ ಅವನಿಗಿತ್ತು. ದಕ್ಷಿಣ ಇಟಲಿಯ ಕರಾವಳಿಯವರೆಗೆ ಹೋದಾಗ ಸಿಸಿಲಿಯ ರಾಜ್ಯಪಾಲ ವರ್ಜಿಲಿಯಸನಿಂದ ದ್ವೀಪಕ್ಕೆ ಕಾಲಿಡಬಾರದೆಂಬ ಸಂದೇಶ ಬಂದಿತು. ಆ ರಾಜ್ಯಪಾಲ ಅವನ ಹಳೆಯ ಗೆಳೆಯನೇ. ಸಿಸೆರೊ ದಿಕ್ಕು ಬದಲಿಸಿ ಕಡಲು ದಾಟಿ ಗ್ರೀಸ್‌ನ ಉತ್ತರದ ಥೆಸಲೋನಿಕಾ ಸೇರಿದನು. ಮರುವರ್ಷ ಜನಸಭೆಯ ನಿರ್ಣಯದಂತೆ ಅವನನ್ನು ಮರಳಿ ಕರೆಸಿಕೊಳ್ಳಲಾಯಿತು.

ತಾನೇ ರಾಜ್ಯಪಾಲನಾದಾಗ

ಕ್ರಿ.ಪೂ. 51ರಲ್ಲಿ, ಇಷ್ಟವಿಲ್ಲದಿದ್ದರೂ, ಸಿಸೆರೊ ಸಿಲಿಸಿಯಾ ಪ್ರಾಂತ್ಯದ ರಾಜ್ಯಪಾಲನಾಗಿ ಹೋಗಬೇಕಾಯಿತು. ಇಂದಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿದ್ದ ಆ ಪ್ರಾಂತ್ಯದಲ್ಲಿಯೂ ಗ್ರೀಕ್ ನಗರಗಳಿದ್ದವು. ಸೈಪ್ರಸ್ ದ್ವೀಪವೂ ಅದಕ್ಕೆ ಸೇರಿತ್ತು. ವೆರ್ರೆಸನನ್ನು ಆಪಾದಿಸಿದವನು ಈಗ ಅದೇ ಬಗೆಯ ಗಾದಿಯಲ್ಲಿ ಕುಳಿತನು. ಪರಿವಾರದ ಖರ್ಚನ್ನು ಊರುಗಳ ಮೇಲೆ ಹೇರಲಿಲ್ಲ. ನಸುಕಿನಲ್ಲಿಯೇ ಎದ್ದು ಓಡಾಡುತ್ತ ಯಾರು ಬಂದರೂ ಕಾಣುತ್ತಿದ್ದನು. ಸಾಲದ ಬಡ್ಡಿ ವರ್ಷಕ್ಕೆ ಶೇಕಡ 12ನ್ನು ಮೀರಕೂಡದೆಂದು ಆಜ್ಞೆ ಹೊರಡಿಸಿದನು.

ಆದರೆ ಸೈಪ್ರಸ್‌ನ ಸಲಾಮಿಸ್ ನಗರ ಅವನ ನ್ಯಾಯಬುದ್ಧಿಯನ್ನು ಒರೆಗೆ ಹಚ್ಚಿತು. ಆ ನಗರ ಶೇಕಡ 48ರ ಬಡ್ಡಿಯ ಸಾಲದಲ್ಲಿ ಸಿಲುಕಿತ್ತು. ಹಿಂದೆ ವಸೂಲಿಗೆಂದು ಸಾಲಿಗರ ಗುಮಾಸ್ತೆಯು ರಾಹುತರನ್ನು ಕರೆದೊಯ್ದು ನಗರದ ಸಭಾಸದರನ್ನು ಸಭಾಭವನದಲ್ಲಿಯೇ ಕೂಡಿಹಾಕಿದಾಗ ಐವರು ಹಸಿವಿನಿಂದ ಸತ್ತಿದ್ದರು. ಸಾಲದ ಹಣ ನಿಜವಾಗಿ ಯಾರದೆಂದು ಕೆದಕಿದಾಗ ಹೊರಬಂದ ಹೆಸರು ಬ್ರೂಟಸ್‌ನದು. ಮುಂದೆ ಸೀಜರ್‌ನನ್ನು ಕೊಂದವರಲ್ಲಿ ಒಬ್ಬನಾದ, ಸದ್ಗುಣಕ್ಕೆ ಹೆಸರಾಗಿದ್ದ ಅದೇ ಬ್ರೂಟಸ್. ಸಿಸೆರೊ ರಾಹುತರನ್ನು ಹಿಂದಕ್ಕೆ ಕರೆಸಿದನು, ಗುಮಾಸ್ತೆಗೆ ಅಧಿಕಾರ ಕೊಡಲಿಲ್ಲ. ಶೇಕಡ 12ರ ಲೆಕ್ಕದಲ್ಲಿ ಹಣ ಕಟ್ಟಲು ಸಲಾಮಿಸ್ ಜನ ಸಿದ್ಧರಿದ್ದರು. ಆದರೂ ಬ್ರೂಟಸ್‌ನ ಮುಖ ನೋಡಿ ಅವನು ಕೊನೆಯ ತೀರ್ಪು ಕೊಡದೆ ವಿಷಯವನ್ನು ಹಾಗೆಯೇ ಬಿಟ್ಟು ಬಂದನು. ದೋಚಲಿಲ್ಲ, ದೋಚುವವರಿಗೆ ನೆರವಾಗಲಿಲ್ಲ. ಆದರೆ ಸಿಸಿಲಿಗಾಗಿ ತೋರಿದ ಧೈರ್ಯವನ್ನು ಸಲಾಮಿಸ್‌ಗಾಗಿ ತೋರಲಿಲ್ಲ.

ಕೊನೆಯ ರಾತ್ರಿ

ಕ್ರಿ.ಪೂ. 49ರಲ್ಲಿ ಸೀಜರ್ ಮತ್ತು ಪಾಂಪೆಯ ನಡುವೆ ಅಂತರ್ಯುದ್ಧ ಆರಂಭವಾಯಿತು. ಪಾಂಪೆಯ ಪಕ್ಷ ಹಿಡಿದು ಸೋತ ಸಿಸೆರೊನನ್ನು ಸೀಜರ್ ಕ್ಷಮಿಸಿದನು. ರಾಜಕೀಯದ ಬಾಗಿಲು ಮುಚ್ಚಿತು. ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಪ್ರೀತಿಯ ಮಗಳು ಟುಲಿಯಾ ತೀರಿಕೊಂಡಳು. ದುಃಖ ಮರೆಯಲು ಅವನು ಹಗಲಿರುಳು ಬರೆದನು. ಗ್ರೀಕ್ ತತ್ವಶಾಸ್ತ್ರವನ್ನು ಲ್ಯಾಟಿನ್ ಭಾಷೆಗೆ ತರುತ್ತ, ಅದಕ್ಕೆ ಬೇಕಾದ ಶಬ್ದಗಳನ್ನೂ ತಾನೇ ರೂಪಿಸಿದನು. ಆ ವರ್ಷ ಬರೆದ ಕೃತಿಗಳಲ್ಲಿ ಒಂದು ಟಸ್ಕುಲಮ್ ಸಂವಾದಗಳು.

ಸುಖ ಎಲ್ಲಿದೆ ಎಂಬ ಪ್ರಶ್ನೆಗೆ ಆ ಗ್ರಂಥದ ಕೊನೆಯ ಭಾಗದಲ್ಲಿ ಉತ್ತರ ಹುಡುಕುವಾಗ ಅವನ ನೆನಪು ಮತ್ತೆ ಸಿರಕ್ಯೂಸಿಗೆ ಹೋಯಿತು. ಒಂದೆಡೆ ಆ ನಗರದ ಸರ್ವಾಧಿಕಾರಿ ಡಯೊನಿಸಿಯಸ್. ತನ್ನ ಐಶ್ವರ್ಯವನ್ನು ಹೊಗಳಿದ ಡಮಾಕ್ಲಿಸನನ್ನು ಚಿನ್ನದ ಮಂಚದ ಮೇಲೆ ಕೂರಿಸಿ, ತಲೆಯ ಮೇಲೆ ಕುದುರೆಯ ಕೂದಲಿನಿಂದ ಕತ್ತಿಯನ್ನು ತೂಗುಬಿಟ್ಟವನು. ಇನ್ನೊಂದೆಡೆ ಅದೇ ನಗರದ ಆರ್ಕಿಮಿಡೀಸ್. ಇಬ್ಬರಲ್ಲಿ ಯಾರ ಬದುಕು ಬೇಕೆಂದು ಕೇಳಿ, ಮೂವತ್ತು ವರ್ಷಗಳ ಹಿಂದೆ ಮುಳ್ಳುಪೊದೆಯಲ್ಲಿ ಕಂಡ ಸಮಾಧಿಯ ಕತೆಯನ್ನು ಸಿಸೆರೊ ಅಲ್ಲಿ ಬರೆದಿಟ್ಟನು.

ಕ್ರಿ.ಪೂ. 44ರ ಮಾರ್ಚ್ 15ರಂದು ಸೀಜರನ ಹತ್ಯೆಯಾಯಿತು. ಅಧಿಕಾರ ಆಂಟನಿಯ ಕೈಗೆ ಜಾರಿತು. ಸೀಜರನ ನಿರ್ಣಯವೆಂದು ಹೇಳಿ ಆಂಟನಿ ಸಿಸಿಲಿಯವರಿಗೆಲ್ಲ ರೋಮನ್ ಪೌರತ್ವ ಘೋಷಿಸಿದನು. ಇದರ ಹಿಂದೆ ದೊಡ್ಡ ಲಂಚವಿದೆಯೆಂದು ಸಿಸೆರೊ ಗೆಳೆಯ ಅಟಿಕಸನಿಗೆ ಪತ್ರ ಬರೆದು ಅಸಮಾಧಾನ ಸೂಚಿಸಿದನು. ಸಿಸಿಲಿಯವರನ್ನು ಆಶ್ರಿತರಂತೆ ಪ್ರೀತಿಸಿದವನಿಗೆ ಅವರನ್ನು ಸಮಾನರಂತೆ ಕಾಣುವುದು ಸುಲಭವಾಗಲಿಲ್ಲ.

ಆ ಬೇಸಿಗೆಯಲ್ಲಿ ಅಥೆನ್ಸಿನಲ್ಲಿ ಓದುತ್ತಿದ್ದ ಮಗನನ್ನು ಕಾಣಲು ಅವನು ಹಡಗು ಹತ್ತಿದನು. ಆಗಸ್ಟ್ 1ರಂದು ಸಿರಕ್ಯೂಸಿಗೆ ಬಂದಿಳಿದನು. ಊರಿನವರು ಇನ್ನಷ್ಟು ದಿನ ಇರಬೇಕೆಂದು ಬಯಸಿದರೂ, ತನ್ನ ಹಠಾತ್ ಆಗಮನದಿಂದ ಗೆಳೆಯರ ಮೇಲೆ ಅನುಮಾನ ಬಿದ್ದೀತೆಂದು ಒಂದೇ ರಾತ್ರಿ ತಂಗಿ ಹೊರಟನು. ಎದುರುಗಾಳಿ ಹಡಗನ್ನು ಮರಳಿ ಇಟಲಿಯ ದಡಕ್ಕೆ ತಳ್ಳಿತು. ಅಲ್ಲಿ ರಾಜಿಯ ಆಸೆ ಹುಟ್ಟಿಸುವ ಸುದ್ದಿ ಕೇಳಿ ಪ್ರಯಾಣ ಕೈಬಿಟ್ಟು ರೋಮಿಗೆ ಹಿಂದಿರುಗಿದನು. ಮುಂದಿನ ತಿಂಗಳುಗಳಲ್ಲಿ ಆಂಟನಿಯ ವಿರುದ್ಧ ಅವನು ಮಾಡಿದ ಮತ್ತು ಬರೆದ ಭಾಷಣಗಳು ಹದಿನಾಲ್ಕು. ಅವುಗಳ ಬೆಲೆಯನ್ನು ಅವನು ತಲೆಯಿಂದಲೇ ತೆತ್ತನು. ಕ್ರಿ.ಪೂ. 43ರ ಡಿಸೆಂಬರ್ 7ರಂದು ಫಾರ್ಮಿಯೆಯ ಕಡಲತಡಿಯಲ್ಲಿ ಆಂಟನಿಯ ಜನ ಅವನನ್ನು ಕೊಂದರು. ತಲೆ ಮತ್ತು ಕೈಗಳನ್ನು ರೋಮಿನ ಭಾಷಣ ವೇದಿಕೆಯ ಮೇಲೆ ತೂಗುಹಾಕಿದರು.

ಮಸಿಲಿಯಾದಲ್ಲಿ ಇನ್ನೂ ಬದುಕಿದ್ದ ವೆರ್ರೆಸನೂ ಅದೇ ಮರಣಪಟ್ಟಿಗೆ ಸೇರಿದನು. ತನ್ನಲ್ಲಿದ್ದ ಕೊರಿಂತ್ ಕಂಚಿನ ಪಾತ್ರೆಗಳನ್ನು ಆಂಟನಿಗೆ ಕೊಡಲು ಒಪ್ಪದಿದ್ದುದೇ ಅದಕ್ಕೆ ಕಾರಣವೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಲೂಟಿಕೋರನೂ ಅವನನ್ನು ಓಡಿಸಿದವನೂ ಒಂದೇ ಕೈಯಿಂದ ಅಳಿದರು.

ಇಂದು ಸಿರಕ್ಯೂಸಿಗೆ ಹೋದವರು ವೆರ್ರೆಸ್ ದೋಚಿದ ಅಥೀನಾ ಗುಡಿಯನ್ನು ಕಾಣಬಹುದು. ಅದು ಈಗ ನಗರದ ಮುಖ್ಯ ಚರ್ಚ್. ಅದರ ಗೋಡೆಗಳ ನಡುವೆ ಗ್ರೀಕರ ದಪ್ಪ ಕಂಬಗಳು ನಿಂತಿವೆ. ಆರ್ಕಿಮಿಡೀಸನ ಸಮಾಧಿಯೆಂದು ತೋರಿಸುವ ಬಂಡೆಯ ಗು​ಹೆಯೂ ಅಲ್ಲಿದೆ, ಆದರೆ ಅದು ನಂತರದ ರೋಮನ್ ಕಾಲದ್ದು. ಸಿಸೆರೊ ಹುಡುಕಿದ ನಿಜವಾದ ಸಮಾಧಿ ಮತ್ತೆ ಕಳೆದುಹೋಗಿದೆ. ಕಂಬವಿಲ್ಲ, ಗೋಳವಿಲ್ಲ, ಅರ್ಧ ಸವೆದ ಪದ್ಯವೂ ಇಲ್ಲ. ಮಗಳನ್ನು ಕಳೆದುಕೊಂಡ ವರ್ಷದಲ್ಲಿ ಅವನು ಬರೆದಿಟ್ಟ ಕೆಲವು ಸಾಲುಗಳಲ್ಲಿ ಮಾತ್ರ ಆ ಪೊದೆ, ಆ ಕುಡುಗೋಲು, ಆ ಕಲ್ಲು ಉಳಿದಿವೆ.